ಎಡಗೈಯ ಆಣೆ

ಹಳೇನಗರ, ಭದ್ರಾವತಿ
4 ಆಗಸ್ಟ್ 2024

ಚಿ. ಸೌ. ಲಿಖಿತಾಗೆ,

ನಿನ್ನಪ್ಪ ಹೊನ್ನಯ್ಯ ಬರೆಯುತ್ತಿರುವುದು. ಗಾಬರಿ ಬೀಳಬೇಡ, ಯಾರಿಗೂ ಏನೂ ಆಗಿಲ್ಲ. ನಿನ್ನಮ್ಮ ಒಳಗೆ ಸಾರಿಗೆ ಒಗ್ಗರಣೆ ಹಾಕುತ್ತಿದ್ದಾಳೆ, ನಾನು ಜಗಲಿಯ ಮೇಲೆ ಕೂತಿದ್ದೇನೆ. ಕಾರ್ಖಾನೆಯಲ್ಲಿ ಲೇತ್ ಮೆಷಿನ್ ಮುಂದೆ ಆಯುಸ್ಸು ಕಳೆದವನ ಅಕ್ಷರ ಇದು. ಓದಲು ಕಷ್ಟವಾದರೆ ಅಳಿಯ ಸುದೀಪನ ಹತ್ತಿರ ಓದಿಸಿಕೊ.

ಅಪ್ಪ ಆಣೆ ಮುರಿದುಬಿಟ್ಟನಾ ಎಂದು ನೀನು ಕೇಳಬಹುದು. ಮುರಿದಿಲ್ಲ. ಶಿವರಾತ್ರಿಯ ಹಿಂದಿನ ವಾರ ಇಲ್ಲಿನ ಕೋರ್ಟಿನ ಬಾಗಿಲಲ್ಲಿ, ಅಷ್ಟು ಜನರ ಎದುರು ನಮ್ಮ ದೇವತೆ ಕೆರೆಕೋಡಮ್ಮನ ಹೆಸರಲ್ಲಿ ನಾನು ಆಣೆ ಮಾಡಿದ್ದು ನಿನ್ನ ಜೊತೆ ಮಾತಾಡುವುದಿಲ್ಲ ಎಂದು. ಬರೆಯುವುದಿಲ್ಲ ಎಂದು ಹೇಳಿರಲಿಲ್ಲ. ನನಗೂ ಅನುಮಾನ ಬಂದು ಪಕ್ಕದ ಮನೆಯ ಜಯಕುಮಾರನನ್ನು ಕೇಳಿದೆ. ಕಾರ್ಖಾನೆಯಲ್ಲಿ ಯೂನಿಯನ್ ಮಾಡಿದವನಲ್ಲವೇ, ಕಾಯಿದೆ ಮಾತಾಡುವುದೆಂದರೆ ಅವನಿಗೆ ಹಬ್ಬ. ಮಾತು ಬಾಯಿಯ ಕೆಲಸ, ಬರವಣಿಗೆ ಕೈಯ ಕೆಲಸ, ಎರಡೂ ಬೇರೆ ಬೇರೆ ಡಿಪಾರ್ಟ್‌ಮೆಂಟು, ಧೈರ್ಯವಾಗಿ ಬರಿ ಎಂದ. ಅವನು ಪ್ರತಿ ಭಾನುವಾರ ಚರ್ಚಿಗೆ ಹೋಗುವವನು, ನಮ್ಮ ಕೆರೆಕೋಡಮ್ಮನ ವಿಷಯ ಅವನಿಗೇನು ಗೊತ್ತು ಎಂದು ನಿನ್ನಮ್ಮನ ತಕರಾರು. ಆದರೂ ಬರೆಯುತ್ತಿದ್ದೇನೆ.

ನನ್ನ ಸಿಟ್ಟು ಇನ್ನೂ ಇದೆ, ಅದನ್ನು ಮುಚ್ಚಿಡುವುದಿಲ್ಲ. ನಿನ್ನ ಚಿಕ್ಕಪ್ಪ ಚೌಡಪ್ಪ ತನ್ನ ಹೆಂಡತಿ ತುಂಗಮ್ಮನ ಮೇಲೆ ಕೈ ಮಾಡಿದ್ದು ತಪ್ಪು. ಸರಿ ಎಂದು ನಾನು ಯಾವತ್ತಾದರೂ ಹೇಳಿದ್ದೇನೆಯೇ? ಆದರೆ ಮನೆಯ ಮಾತು ಮನೆಯಲ್ಲೇ ಇರಲಿ ಎಂದು, ನಿನ್ನ ಮದುವೆಗೆ ಮುಂಚೆ, ನಾವೆಲ್ಲ ಕೆರೆಕೋಡಮ್ಮನ ಗದ್ದುಗೆ ಮುಟ್ಟಿ ಆಣೆ ಮಾಡಿದ್ದೆವು. ನೀನೂ ಮುಟ್ಟಿದ್ದೆ. ಆಮೇಲೆ ತುಂಗಮ್ಮ ಮನೆ ಬಿಟ್ಟು ಹೋಗಿ ಕೇಸು ಹಾಕಿದಳು. ನೀನು ಕಟಕಟೆ ಹತ್ತಿ ಸಾಕ್ಷಿ ಹೇಳಿದೆ. ದೇವರಿಗೆ ಕೊಟ್ಟ ಮಾತು ಮುರಿದವಳು ನನ್ನ ಮಗಳು ಎನ್ನುವುದೇ ನನಗೆ ತಡೆಯಲಿಲ್ಲ.

ಈಗ ಕಷ್ಟ ಏನೆಂದರೆ, ಆವತ್ತು ನನ್ನ ಬಾಯಿಂದ ಬಂದ ಮಾತು ನಿನಗೂ ನೆನಪಿರಬೇಕು. "ಇವಳ ಜೊತೆ ಮಾತಾಡಿದ್ರೆ ನನ್ನ ವಂಶಕ್ಕೆ ತಗಲ್ಲಿ" ಅಂದುಬಿಟ್ಟೆ. ನನಗೇ ತಗಲಲಿ ಎಂದಿದ್ದರೆ ಯೋಚನೆ ಇರಲಿಲ್ಲ, ಬಸ್ಸು ಹತ್ತಿ ಬಂದು ನಿನ್ನ ಜೊತೆ ಹೊಟ್ಟೆ ತುಂಬ ಜಗಳ ಆಡುತ್ತಿದ್ದೆ. ವಂಶ ಎಂದರೆ ಯಾರು? ನೀನೊಬ್ಬಳೇ ಮಗಳು. ಈಗ ನಿನ್ನ ಹೊಟ್ಟೆಯಲ್ಲಿರುವುದು. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೇ?

ನಿನ್ನಮ್ಮ ನಿನಗೆ ಫೋನ್ ಮಾಡುವಾಗ ಸ್ಪೀಕರ್ ಹಾಕುತ್ತಾಳೆ. ನಾನು ಪಕ್ಕದಲ್ಲೇ ಕೂತು ಕೇಳುತ್ತಿರುತ್ತೇನೆ. ಕೇಳುವುದಿಲ್ಲ ಎಂದು ಆಣೆ ಮಾಡಿಲ್ಲ. ಚೊಚ್ಚಲ ಬಾಣಂತನ ತವರಿನಲ್ಲೇ ಆಗಬೇಕು, ಅಷ್ಟರೊಳಗೆ ಈ ಆಣೆ ಬಿಡಿಸಿಕೊಳ್ಳುವ ದಾರಿ ಹುಡುಕುತ್ತೇನೆ.

ಒಂದು ವಿಷಯ ಕೇಳಬೇಕು. ನೀನು ಶಿವಮೊಗ್ಗದ ಕೋರ್ಟಿನಲ್ಲಿ ಕೆಲಸಕ್ಕಿದ್ದು ದಿನಾ ಸಾಕ್ಷಿಗಳಿಗೆ ಪ್ರಮಾಣ ಮಾಡಿಸುವವಳು. ಯಾವ ದೇವರ ಹೆಸರಲ್ಲಿ ಮಾಡಿಸುತ್ತೀಯ? ಸಿನಿಮಾದಲ್ಲಿ ಭಗವದ್ಗೀತೆ ಮುಟ್ಟಿಸುತ್ತಾರೆ. ಗಾಂಧಿ ಬಜಾರಿನ ನಮ್ಮ ಮಲ್ಲಿಕ್‌ನಂಥ ಮುಸಲ್ಮಾನ ಬಂದರೆ ಏನು ಮುಟ್ಟಿಸುತ್ತೀರಿ? ದೇವರೇ ಇಲ್ಲ ಎನ್ನುವವನು ಬಂದರೆ? ಅವನನ್ನು ಹಾಗೇ ಕಳಿಸಿಬಿಡುತ್ತೀರಾ?

ಉತ್ತರ ಬರೆ. ಕಾಫಿ ಕಮ್ಮಿ ಮಾಡು.

ಇಂತಿ ನಿನ್ನ,
ಅಪ್ಪ


ಆಲ್ಕೊಳ, ಶಿವಮೊಗ್ಗ
13 ಆಗಸ್ಟ್ 2024

ಅಪ್ಪನಿಗೆ ನಮಸ್ಕಾರ.

ನಿಮ್ಮ ಕಾಗದ ನೋಡಿ ಮೊದಲು ನಕ್ಕೆ, ಆಮೇಲೆ ಅತ್ತೆ. ಸುದೀಪ್ ಯಾವುದಕ್ಕೆ ಸಮಾಧಾನ ಹೇಳುವುದು ಎಂದು ಗೊತ್ತಾಗದೆ ಹಾಲು ಬಿಸಿ ಮಾಡಿಕೊಟ್ಟರು. ಫೋನಿನಲ್ಲಿ ಅಮ್ಮನ ಪಕ್ಕ ನೀವು ಕೂತಿರುವುದು ನನಗೆ ಮೊದಲೇ ಗೊತ್ತಿತ್ತು. ನಿಮ್ಮ ಕೆಮ್ಮು ಆಣೆ ಮಾಡಿಲ್ಲ ನೋಡಿ.

ಕೋರ್ಟಿನಲ್ಲಿ ಗೀತೆಯೂ ಇಲ್ಲ, ಕುರಾನೂ ಇಲ್ಲ, ಬೈಬಲ್ಲೂ ಇಲ್ಲ. ಸಿನಿಮಾದವರು ಎಲ್ಲಿಂದ ತಂದರೋ. ಸಾಕ್ಷಿ ಕಟಕಟೆ ಹತ್ತಿದ ಮೇಲೆ ನಾನು ಹೇಳಿಕೊಡುತ್ತೇನೆ, ಅವರು ನನ್ನ ಹಿಂದೆ ಹೇಳುತ್ತಾರೆ: ದೇವರ ಹೆಸರಿನಲ್ಲಿ ಪ್ರಮಾಣ ಮಾಡುತ್ತೇನೆ, ಸತ್ಯವನ್ನೇ ಹೇಳುತ್ತೇನೆ. ಯಾವ ದೇವರು ಎಂದು ಸರ್ಕಾರ ಕೇಳುವುದಿಲ್ಲ. ಹೇಳುವವರು ಮನಸ್ಸಿನಲ್ಲಿ ಯಾರನ್ನು ಬೇಕಾದರೂ ಇಟ್ಟುಕೊಳ್ಳಬಹುದು. ದೇವರು ಬೇಡ ಎನ್ನುವವರು ಸತ್ಯನಿಷ್ಠೆಯಿಂದ ಎಂದು ಹೇಳಬಹುದು. ಎರಡಕ್ಕೂ ಒಂದೇ ಬೆಲೆ. ಸುಳ್ಳು ಹೇಳಿದರೆ ಎರಡಕ್ಕೂ ಒಂದೇ ಶಿಕ್ಷೆ.

ಹೋದ ತಿಂಗಳು ಹೊಸನಗರದ ಕಡೆಯ ಒಬ್ಬ ಅಜ್ಜಿ ಬಂದಿದ್ದರು. ದೇವರ ಹೆಸರಿನಲ್ಲಿ ಎಂದು ನಾನು ಶುರು ಮಾಡಿದ ಕೂಡಲೇ ನನ್ನನ್ನು ತಡೆದು, "ಅವನನ್ನ ಯಾಕೆ ಇಲ್ಲಿಗೆ ಕರೀತೀಯ ಮಾರಾಯ್ತಿ, ಅವನ ಮೇಲೂ ಕೇಸಿದೆಯಾ?" ಎಂದರು. ಜಡ್ಜ್ ಸಾಹೇಬರೂ ನಕ್ಕುಬಿಟ್ಟರು. ಅಜ್ಜಿಗೆ ದೇವರ ಮೇಲೆ ಎಷ್ಟು ಭಕ್ತಿ ಎಂದರೆ, ಗದ್ದೆಯ ಬದುವಿನ ಜಗಳಕ್ಕೆ ಅವನ ಹೆಸರು ಎಳೆಯಲು ಅವರಿಗೆ ಇಷ್ಟವಿರಲಿಲ್ಲ. ಸತ್ಯನಿಷ್ಠೆಯಿಂದ ಎಂದೇ ಹೇಳಿ ಹೋದರು. ಆವತ್ತಿಂದ ನನಗೂ ಯೋಚನೆ ಹತ್ತಿದೆ. ದೇವರನ್ನು ನಂಬುವವರು ದೇವರನ್ನು ಹೊರಗಿಟ್ಟರು, ನಂಬದವರು ಎಷ್ಟೋ ಜನ ಸರಾಗವಾಗಿ ದೇವರ ಹೆಸರು ಹೇಳಿ ಹೋಗುತ್ತಾರೆ.

ನಾನೂ ನಿಮಗೆ ಒಂದು ಪ್ರಶ್ನೆ ಕೇಳುತ್ತೇನೆ. ಭದ್ರಾವತಿಯ ಕೋರ್ಟಿನಲ್ಲಿ ನನಗೂ ದೇವರ ಹೆಸರಿನಲ್ಲೇ ಪ್ರಮಾಣ ಮಾಡಿಸಿದರು. ಹೇಳುವುದಿಲ್ಲ ಎಂದು ಕೆರೆಕೋಡಮ್ಮನಿಗೆ ಮಾತು ಕೊಟ್ಟಿದ್ದೆ, ಹೇಳುತ್ತೇನೆ ಎಂದು ಕೋರ್ಟಿನಲ್ಲಿ ಮಾತು ಕೊಟ್ಟೆ. ಎಲ್ಲ ದೇವರೂ ಒಂದೇ ಎಂದು ಚಿಕ್ಕಂದಿನಿಂದ ಹೇಳಿಕೊಟ್ಟವರು ನೀವು. ಒಂದೇ ದೇವರಿಗೆ ಎರಡು ಮಾತು ಕೊಟ್ಟವಳು ಯಾವುದನ್ನು ಉಳಿಸಿಕೊಳ್ಳಬೇಕು?

ಕೂಸಿಗೆ ಏನೂ ಆಗುವುದಿಲ್ಲ. ನನಗೆ ಆ ಹೆದರಿಕೆ ಇಲ್ಲ. ನಿಮಗಿದೆ ಎನ್ನುವುದು ನನಗೆ ಗೊತ್ತು, ಅದಕ್ಕೆ ಗೇಲಿ ಮಾಡುವುದಿಲ್ಲ. ಆದರೆ ಒಂದು ಮಾತು. ನೀವು ನನ್ನ ಜೊತೆ ಮಾತಾಡದ ಮನೆಗೆ ನಾನು ಬಾಣಂತನಕ್ಕೆ ಬರುವುದಿಲ್ಲ. ನಾನು ಒಳಕೋಣೆಯಲ್ಲಿ, ನೀವು ಜಗಲಿಯಲ್ಲಿ, ನಡುವೆ ಅಮ್ಮ ಪೋಸ್ಟ್‌ಮ್ಯಾನ್ ಕೆಲಸ ಮಾಡುವುದು ಬೇಡ.

ಬಿ.ಪಿ. ಮಾತ್ರೆ ತಪ್ಪಿಸಬೇಡಿ.

ನಿಮ್ಮ ಮಗಳು,
ಲಿಖಿತಾ


ಭದ್ರಾವತಿ
1 ಸೆಪ್ಟೆಂಬರ್ 2024

ಚಿ. ಲಿಖಿತಾಗೆ ಅಪ್ಪನ ಆಶೀರ್ವಾದ.

ನಿನ್ನ ಪ್ರಶ್ನೆಯನ್ನು ಎರಡೆರಡು ಸಲ ಓದಿ ತಲೆ ಕೆರೆದುಕೊಂಡೆ. ಜಯಕುಮಾರನಿಗೆ ಹೇಳಿದೆ, ಅವನೂ ತಲೆ ಕೆರೆದುಕೊಂಡು ನಾಳೆ ಹೇಳುತ್ತೇನೆ ಎಂದು ಎದ್ದು ಹೋದ. ಆ ನಾಳೆ ಇನ್ನೂ ಬಂದಿಲ್ಲ.

ನಾನು ಮಾತ್ರ ಸುಮ್ಮನೆ ಕೂತಿಲ್ಲ. ಹೋದ ಮಂಗಳವಾರ ಕೆರೆಕೋಡಮ್ಮನ ಗುಡಿಗೆ ಹೋಗಿ ಪೂಜಾರಿ ದೇವರಾಜ್‌ನನ್ನು ಕಂಡೆ. ಆಣೆ ಬಿಡಿಸುವುದು ಅವರ ತಾತನ ಕಾಲದಿಂದಲೂ ನಡೆದಿದೆಯಂತೆ. ಇಬ್ಬರೂ ಗದ್ದುಗೆ ಮುಂದೆ ನಿಲ್ಲಬೇಕು. ಮೊದಲು ಆಣೆ ಮುರಿದವರು ತಪ್ಪಾಯ್ತು ಎಂದು ಹೇಳಿ ತಪ್ಪುಗಾಣಿಕೆ ಇಡಬೇಕು. ಆಮೇಲೆ ನನ್ನಂಥವನು ಮಾತು ವಾಪಸು ತೆಗೆದುಕೊಂಡೆ ಎನ್ನಬೇಕು. ಪೂಜಾರಿ ಇಬ್ಬರ ಕೈಗೂ ತೀರ್ಥ ಹಾಕಿದರೆ ಮುಗಿಯಿತು.

ಇಷ್ಟೇನಾ ಎಂದುಕೊಂಡೆ. ಇಷ್ಟೇ ಅಲ್ಲ. ಗುಡಿ ಈಗ ಮುಜರಾಯಿಗೆ ಸೇರಿದೆ, ರಸೀದಿ ಇಲ್ಲದೆ ಗರ್ಭಗುಡಿಯಲ್ಲಿ ಏನೂ ಮಾಡುವ ಹಾಗಿಲ್ಲ ಎಂದ ದೇವರಾಜ್. ಕೌಂಟರಿನಲ್ಲಿ ಕೇಳಿದರೆ ಅಂಥ ಸೇವೆಯೇ ಇಲ್ಲ ಅಂದರು. ಬೋರ್ಡ್ ನೋಡಿದೆ. ಅಭಿಷೇಕ ಇದೆ, ಅರ್ಚನೆ ಇದೆ, ಮುಡಿ ಇದೆ, ಹೊಸ ಗಾಡಿಗೆ ಪೂಜೆಯೂ ಇದೆ. ಲಾರಿಗೆ ಒಂದು ದರ, ಸ್ಕೂಟರಿಗೆ ಒಂದು ದರ. ಆಣೆ ಬಿಡಿಸುವುದು ಇಲ್ಲ.

ಬಿಡುವ ಮಗ ನಾನಲ್ಲ. ಆಫೀಸರಮ್ಮನ ಹತ್ತಿರ ಹೋದೆ. ಸತ್ಯಭಾಮಾ ಎಂದು ಹೆಸರು, ನಿನಗಿಂತ ನಾಲ್ಕಾರು ವರ್ಷ ದೊಡ್ಡವಳಿರಬಹುದು. ಪೂರ್ತಿ ಕೇಳಿಸಿಕೊಂಡಳು, ಕೂತುಕೊಳ್ಳಲು ಕುರ್ಚಿ ಕೊಟ್ಟಳು. ನಾನು ಸ್ವಲ್ಪ ದಬಾಯಿಸಿಯೇ ಮಾತಾಡಿದೆ. ಹುಂಡಿ ಎಣಿಸುವವರು ನೀವು, ಬಾಗಿಲು ಯಾವಾಗ ತೆಗೆಯಬೇಕು ಎಂದು ಹೇಳುವವರು ನೀವು, ಆಣೆ ಬಿಡಿಸಲು ಮಾತ್ರ ಯಾಕೆ ಆಗುವುದಿಲ್ಲ ಎಂದೆ. ಅವಳು ಸಿಟ್ಟು ಮಾಡಿಕೊಳ್ಳಲಿಲ್ಲ.

"ಯಜಮಾನ್ರೇ, ಕುಂಕುಮಾರ್ಚನೆಗೆ ರಸೀದಿ ಹರೀತೀನಿ. ನಿಂತ್ಕೊಂಡು ಅಮ್ಮನ ಹತ್ರ ಏನು ಬೇಕಾದ್ರೂ ಹೇಳ್ಕೊಳ್ಳಿ. ಆದ್ರೆ ಆಣೆ ಇತ್ತು ಅಂತಾಗ್ಲಿ, ಹೋಯ್ತು ಅಂತಾಗ್ಲಿ ಸರ್ಕಾರ ಬರ್ಕೊಡೋಕಾಗಲ್ಲ" ಎಂದಳು.

ಎದ್ದು ಬರುವಾಗ ಬೈದುಕೊಂಡೇ ಬಂದೆ. ಸೇತುವೆ ದಾಟುವ ಹೊತ್ತಿಗೆ ಆ ಹುಡುಗಿ ಹೇಳಿದ್ದು ಸರಿ ಅನ್ನಿಸಿತು. ಇವತ್ತು ಸರ್ಕಾರ ನನ್ನ ಆಣೆ ಬಿಡಿಸಿದರೆ, ನಾಳೆ ಆಣೆ ಮಾಡು ಎಂದು ಅದೇ ಸರ್ಕಾರ ಕೂರಿಸಬಹುದು. ಬೀಗ, ಹುಂಡಿ, ಲೆಕ್ಕ ಅವರು ನೋಡಿಕೊಳ್ಳಲಿ. ಒಳಗಿನದು ನನಗೂ ಅಮ್ಮನಿಗೂ ಸೇರಿದ್ದು. ಆದರೆ ನಿನಗೆ ನಿಜ ಹೇಳಬೇಕೆಂದರೆ, ರಸೀದಿ ಸಿಕ್ಕಿದ್ದರೆ ನನ್ನ ಹೆದರಿಕೆ ಅರ್ಧ ಹೋಗುತ್ತಿತ್ತು. ಜೀವಮಾನವೆಲ್ಲ ಗೇಟ್ ಪಾಸ್ ಹಿಡಿದು ಒಳಗೆ ಹೊರಗೆ ಓಡಾಡಿದವನು ನಾನು.

ಅದಕ್ಕೆ ಕೇಳುತ್ತಿದ್ದೇನೆ. ಒಂದು ದಿನ ಬಾ. ಕುಂಕುಮಾರ್ಚನೆ ಮಾಡಿಸುತ್ತೇನೆ, ದೇವರಾಜ್ ಪಕ್ಕದಲ್ಲಿ ತೀರ್ಥ ಹಿಡಿದು ನಿಂತಿರುತ್ತಾನೆ. ನೀನು ಒಂದೇ ಒಂದು ಸಲ ತಪ್ಪಾಯ್ತು ಎಂದರೆ ಸಾಕು. ಗಟ್ಟಿಯಾಗಿ ಹೇಳುವುದೂ ಬೇಡ.

ನಿನ್ನ ದಾರಿ ನೋಡುವ,
ಅಪ್ಪ


ಶಿವಮೊಗ್ಗ
12 ಸೆಪ್ಟೆಂಬರ್ 2024

ಅಪ್ಪಾ,

ಹೇಳುವುದಿಲ್ಲ.

ಚಿಕ್ಕಮ್ಮನ ಕೈ ಮುರಿದದ್ದು ಮನೆಯವರೆಲ್ಲ ಹೇಳಿಕೊಂಡ ಹಾಗೆ ಮೆಟ್ಟಿಲಿನಿಂದ ಬಿದ್ದಲ್ಲ. ನಾನು ಕಂಡದ್ದನ್ನು ಕಂಡ ಹಾಗೆ ಹೇಳಿದೆ. ಅದಕ್ಕೆ ತಪ್ಪಾಯ್ತು ಎಂದರೆ ಯಾರ ಮುಂದೆ ಅನ್ನುತ್ತಿದ್ದೇನೆ? ಎಲ್ಲವನ್ನೂ ನೋಡುವವಳು ಎಂದು ನೀವೇ ಹೇಳುವ ಅಮ್ಮನ ಮುಂದೆ. ಅವಳಿಗೆ ನಿಜ ಗೊತ್ತಿಲ್ಲವೇ? ಗೊತ್ತಿದ್ದೂ ನನ್ನ ಬಾಯಿಂದ ತಪ್ಪಾಯ್ತು ಎನ್ನಿಸಿಕೊಳ್ಳುತ್ತಾಳೆ ಎಂದರೆ ನನಗೆ ಅಂಥ ಅಮ್ಮ ಬೇಡ. ನೀವು ಬೇಜಾರು ಮಾಡಿಕೊಳ್ಳುತ್ತೀರಿ ಎಂದು ಗೊತ್ತಿದ್ದೇ ಬರೆಯುತ್ತಿದ್ದೇನೆ.

ಆ ಆಫೀಸರಮ್ಮ ನನಗೆ ಇಷ್ಟವಾದರು. ನಾನೂ ಅವರ ಜಾಗದಲ್ಲಿ ಹಾಗೇ ಹೇಳುತ್ತಿದ್ದೆ.

ನನಗೆ ನಿಮ್ಮ ದನಿ ಕೇಳಬೇಕು ಅಪ್ಪ. ಬೆಳಗ್ಗೆ ಎದ್ದ ಕೂಡಲೇ ಪೇಪರ್ ಓದಿ ಎಲ್ಲರಿಗೂ ಬೈಯುವ ದನಿ. ಇಲ್ಲಿ ಪಕ್ಕದ ಮನೆಯ ರಾಯರೊಬ್ಬರು ಹಾಗೇ ಬೈಯುತ್ತಾರೆ, ನಾನು ಕಿಟಕಿ ತೆಗೆದು ಕೂತಿರುತ್ತೇನೆ. ಅಷ್ಟು ಆಸೆಯಾಗುತ್ತದೆ. ಆದರೂ ಅದಕ್ಕಾಗಿ ಸುಳ್ಳು ಹೇಳಲಾರೆ.

ಲಿಖಿತಾ


ಭದ್ರಾವತಿ
20 ಅಕ್ಟೋಬರ್ 2024

ಚಿ. ಲಿಖಿತಾಗೆ ಅಪ್ಪನ ಆಶೀರ್ವಾದ.

ಇಷ್ಟು ದಿನ ಬರೆಯಲಿಲ್ಲ. ನಿನ್ನ ಕಾಗದ ಓದಿ ಸಿಟ್ಟು ಬಂದಿತ್ತು. ಸಿಟ್ಟಿನಲ್ಲಿ ಮಾತಾಡಿ ಒಂದು ಸಲ ಅನುಭವಿಸಿದ್ದಾಗಿದೆ, ಸಿಟ್ಟಿನಲ್ಲಿ ಬರೆಯುವುದೂ ಬೇಡವೆಂದು ಸುಮ್ಮನಿದ್ದೆ. ಆಯುಧಪೂಜೆಗೆ ನಿನ್ನಮ್ಮ ಒಬ್ಬಳೇ ಕಡುಬು ಮಾಡಿದಳು. ತಿನ್ನಲು ಮನಸ್ಸಾಗಲಿಲ್ಲ.

ನಿನ್ನಿಂದ ಆಗದಿದ್ದರೆ ಬೇರೆ ದಾರಿ ಇದೆಯೇ ಎಂದು ನೋಡಿದೆ. ನಮ್ಮ ದೇವರ ಕಾಯಿದೆಯಲ್ಲಿ ಬಾಗಿಲು ಮುಚ್ಚಿದ್ದರೆ ಪಕ್ಕದವರ ಕಾಯಿದೆಯಲ್ಲಿ ಏನಿದೆ ಎಂದು ತಿಳಿದುಕೊಳ್ಳುವುದರಲ್ಲಿ ತಪ್ಪೇನಿದೆ? ಜಯಕುಮಾರ್ ಅವರ ಚರ್ಚಿನ ಫಾದರ್ ಹತ್ತಿರ ಕರೆದುಕೊಂಡು ಹೋದ. ಕೇರಳದವರು, ಕನ್ನಡ ತಡವರಿಸುತ್ತಾ ಮಾತಾಡುತ್ತಾರೆ. ದೇವರಿಗೆ ಕೊಟ್ಟ ಹರಕೆಯನ್ನು ಬಿಡಿಸುವ ಅಧಿಕಾರ ಅವರಲ್ಲಿ ದೊಡ್ಡವರಿಗೆ ಇರುತ್ತದಂತೆ, ಅದಕ್ಕೆ ನಿಯಮಗಳ ದೊಡ್ಡ ಪುಸ್ತಕವೇ ಇದೆಯಂತೆ. ನನ್ನ ಕತೆ ಪೂರ್ತಿ ಕೇಳಿದ ಮೇಲೆ ಪುಸ್ತಕ ಬದಿಗಿಟ್ಟು ಒಂದು ಮಾತು ಹೇಳಿದರು. ಕೆಟ್ಟದ್ದು ಮಾಡುತ್ತೇನೆ ಎಂದು ಯಾರಾದರೂ ಪ್ರಮಾಣ ಮಾಡಿದರೆ ಆ ಪ್ರಮಾಣ ಹಿಡಿಯುವುದೇ ಇಲ್ಲವಂತೆ. ಬಿಡಿಸುವ ಮಾತೇ ಬರುವುದಿಲ್ಲವಂತೆ.

ಮಗಳ ಜೊತೆ ಮಾತಾಡದಿರುವುದು ಕೆಟ್ಟದ್ದೋ ಅಲ್ಲವೋ ಎಂದು ಕೇಳಿದೆ. ನೀವೇ ಹೇಳಿ ಅಂದರು. ಪಾದ್ರಿಗಳೂ ವಕೀಲರ ಹಾಗೇ ನೋಡು.

ಶಿವಮೊಗ್ಗಕ್ಕೆ ಪೆನ್ಷನ್ ಕೆಲಸಕ್ಕೆ ಬಂದಾಗ ಗಾಂಧಿ ಬಜಾರಿನಲ್ಲಿ ಮಲ್ಲಿಕ್ ಅಂಗಡಿಗೂ ಹೋದೆ. ನಿನ್ನ ಮದುವೆಗೆ ಹಾಸಿಗೆ ಮಾಡಿಕೊಟ್ಟವನು. ಅವನ ಪ್ರಕಾರ, ಆಣೆಗಿಂತ ಒಳ್ಳೆಯ ದಾರಿ ಕಂಡರೆ ಆ ಒಳ್ಳೆಯದನ್ನೇ ಮಾಡಬೇಕು, ಮುರಿದ ಆಣೆಗೆ ಹತ್ತು ಜನ ಬಡವರಿಗೆ ಊಟ ಹಾಕಬೇಕು, ಅದೂ ಆಗದಿದ್ದರೆ ಮೂರು ದಿನ ಉಪವಾಸ. ಎಷ್ಟು ಚೆಂದದ ಕಾಯಿದೆ! ನಾನು ಕುಣಿದುಬಿಟ್ಟೆ. ಇವತ್ತೇ ಊಟ ಹಾಕುತ್ತೇನೆ ಎಂದೆ. ಮಲ್ಲಿಕ್ ಹತ್ತಿ ಕೊಡವಿಕೊಂಡು, ನಮ್ಮ ದಂಡ ನಿಮ್ಮ ಆಣೆಗೆ ಹೇಗೆ ನಡೆಯುತ್ತದೆ ಮಾರಾಯ, ಕರೆಂಟ್ ಬಿಲ್ಲನ್ನ ಟೆಲಿಫೋನ್ ಆಫೀಸಲ್ಲಿ ಕಟ್ಟಿದ ಹಾಗಾಯಿತು ಎಂದು ನಕ್ಕ. ಹಾಗೆ ಕಟ್ಟಿದರೂ ಊಟ ಮಾಡಿದವರ ಹೊಟ್ಟೆ ತುಂಬುತ್ತದೆ, ಅದರಲ್ಲಿ ನಷ್ಟವೇನಿಲ್ಲ ಎಂದೂ ಅವನೇ ಹೇಳಿದ.

ನನಗೆ ಆಶ್ಚರ್ಯವಾಗುವುದು ಇದು. ಎಲ್ಲರ ದೇವರೂ ಆಣೆಯನ್ನು ಬಿಗಿಯಾಗಿ ಕಟ್ಟಿಸುತ್ತಾರೆ, ಎಲ್ಲರ ಮನೆಗೂ ಒಂದು ಹಿತ್ತಿಲ ಬಾಗಿಲು ಇಟ್ಟಿದ್ದಾರೆ. ಮನುಷ್ಯರು ಸಿಟ್ಟಿನಲ್ಲಿ ಏನು ಬೇಕಾದರೂ ಅಂದುಬಿಡುತ್ತಾರೆ ಎಂದು ಎಲ್ಲರಿಗೂ ಗೊತ್ತಿತ್ತು ಎಂದಾಯಿತು. ನಮ್ಮ ಹಿತ್ತಿಲ ಬಾಗಿಲಲ್ಲಿ ಮಾತ್ರ ನೀನು ಅಡ್ಡ ನಿಂತಿದ್ದೀಯ. ನನಗೆ ದಿಕ್ಕು ತೋಚುತ್ತಿಲ್ಲ. ಹೆರಿಗೆ ಡಿಸೆಂಬರ್ ಎಂದು ನಿನ್ನಮ್ಮ ಬೆರಳು ಮಡಿಸುತ್ತಿದ್ದಾಳೆ.

ಇಂತಿ,
ಅಪ್ಪ


ಶಿವಮೊಗ್ಗ
27 ಅಕ್ಟೋಬರ್ 2024

ಅಪ್ಪಾ,

ಪೂಜಾರಿಯನ್ನು ಕೇಳಿದಿರಿ, ಆಫೀಸರನ್ನು ಕೇಳಿದಿರಿ, ಫಾದರನ್ನು, ಮಲ್ಲಿಕ್ ಮಾಮನನ್ನು ಕೇಳಿದಿರಿ. ನನಗೂ ಕಾಗದ ಬರೆದಿರಿ. ಮೊದಲು ಗದ್ದುಗೆ ಮುಟ್ಟಿ ಆಣೆ ಮಾಡಿದ್ದು ಯಾರ ಮುರಿದ ಕೈ ಮುಚ್ಚಿಡಲು? ತುಂಗಚಿಕ್ಕಮ್ಮನನ್ನು ಒಂದು ಸಲವಾದರೂ ಕೇಳಿದಿರಾ?

ಇಲ್ಲೇ ಶಿವಮೊಗ್ಗದ ಕೋಟೆ ಪ್ರದೇಶದಲ್ಲಿ, ಅಲ್ಲಿನ ಗುಡಿಯ ಹಿಂದಿನ ವಠಾರದಲ್ಲಿದ್ದಾರೆ. ಸೀರೆ ಅಂಗಡಿಗೆ ಫಾಲ್ಸ್ ಹಚ್ಚಿಕೊಡುತ್ತಾರೆ. ನೀವು ಗಾಂಧಿ ಬಜಾರಿಗೆ ಬಂದಿದ್ದಿರಿ, ಅಲ್ಲಿಂದ ಅವರ ಮನೆಗೆ ನಡೆದೇ ಹೋಗಬಹುದಿತ್ತು.

ಹೆರಿಗೆ ಇಲ್ಲಿಯೇ. ಸುದೀಪ್ ಆಸ್ಪತ್ರೆಯಲ್ಲಿ ಹೆಸರು ಬರೆಸಿದ್ದಾರೆ. ಅಮ್ಮನನ್ನು ಕಳಿಸಿಕೊಡಿ.

ಲಿಖಿತಾ


ಭದ್ರಾವತಿ
24 ನವೆಂಬರ್ 2024

ಲಿಖಿತಾ,

ಹೋಗಿದ್ದೆ. ಬರೆಯಲು ಇಷ್ಟು ದಿನ ಬೇಕಾಯಿತು.

ತುಂಗಮ್ಮ ಬಾಗಿಲು ತೆಗೆದು ನನ್ನನ್ನು ನೋಡಿದ ಕೂಡಲೇ ಸೆರಗು ಹೊದ್ದುಕೊಂಡು ಪಕ್ಕಕ್ಕೆ ಸರಿದಳು. ಚೌಡಪ್ಪ ಕಳಿಸಿದ್ದಾನೆ ಎಂದುಕೊಂಡಳೋ ಏನೋ. ಯಾರೂ ಕಳಿಸಿಲ್ಲ, ನಾನೇ ಬಂದೆ ಎಂದೆ. ಚಾಪೆ ಹಾಸಿದಳು, ಕಾಫಿ ಮಾಡಿದಳು. ಬಲಗೈ ಮಣಿಕಟ್ಟು ಇನ್ನೂ ಸೊಟ್ಟಗೇ ಇದೆ. ಲೋಟವನ್ನು ಎರಡು ಕೈಯಲ್ಲಿ ಹಿಡಿದು ಕೊಟ್ಟಳು. ಮರ್ಯಾದೆಗೆ ಎಂದುಕೊಂಡೆ. ಆಮೇಲೆ ಗೊತ್ತಾಯಿತು, ಒಂದೇ ಕೈಯಲ್ಲಿ ಹಿಡಿದರೆ ಅಲುಗಾಡುತ್ತದೆ.

ಎಲ್ಲ ಹೇಳಿದೆ. ನಾನು ಮಾಡಿದ ಆಣೆ, ವಂಶದ ಮಾತು, ಪೂಜಾರಿ, ರಸೀದಿ, ಹತ್ತು ಜನರ ಊಟ. ಅವಳು ಸೂಜಿಗೆ ದಾರ ಪೋಣಿಸುತ್ತಾ ಕೇಳಿಸಿಕೊಂಡಳು. ನಡುವೆ ಒಂದೆರಡು ಕಡೆ ನಕ್ಕಳು ಕೂಡ. ಅವಳು ನಕ್ಕದ್ದನ್ನು ನಾನು ನಮ್ಮ ಮನೆಯಲ್ಲಿ ನೋಡಿದ ನೆನಪೇ ಇಲ್ಲ. ಕೊನೆಗೆ, ಅಕ್ಕಪಕ್ಕದ ಧರ್ಮದವರನ್ನೆಲ್ಲ ಕೇಳಿ ಬಂದಿದ್ದೀರಿ, ಆವತ್ತು ಗದ್ದುಗೆ ಮುಟ್ಟಿದವರಲ್ಲಿ ನಾನೂ ಒಬ್ಬಳು ಎನ್ನುವುದು ಮರೆತುಹೋಯಿತಾ ಎಂದು ಕೇಳಿದಳು.

ಮರೆತಿದ್ದೆ ಲಿಖಿತಾ. ನಿಜವಾಗಿ ಮರೆತಿದ್ದೆ. ಅವಳೂ ಮುಟ್ಟಿದ್ದಳು. ಬಲಗೈಗೆ ಪ್ಲಾಸ್ಟರ್ ಹಾಕಿತ್ತು, ಅದಕ್ಕೆ ಎಡಗೈ ಚಾಚಿದ್ದಳು. ಎಡಗೈಯ ಆಣೆ ನಡೆಯುವುದಿಲ್ಲ ಎಂದು ದೇವರಾಜ್ ಎರಡು ಹೆಜ್ಜೆ ಹಿಂದಕ್ಕೆ ಸರಿದ. ಶಾಸ್ತ್ರ ಇರುವುದೇ ಹಾಗೆ, ಬಲಗೈಯೇ ಆಗಬೇಕು. ಆಗ ಅವನ ಹೆಗಲು ತಟ್ಟಿ, ಕೈ ಮುರಿದಿದೆಯಲ್ಲ, ಎಡಗೈ ಆದರೂ ಆಯಿತು, ಅಮ್ಮ ಒಪ್ಪಿಕೊಳ್ಳುತ್ತಾಳೆ ಬಿಡು ಎಂದವನು ನಾನೇ. ಅವಳ ಬಾಯಿ ಮುಚ್ಚಿಸಬೇಕಾಗಿತ್ತು, ಅಮ್ಮನ ಕಾಯಿದೆಯನ್ನು ನಿಮಿಷದಲ್ಲಿ ಸಡಿಲ ಮಾಡಿದೆ. ಈಗ ಮಗಳ ಜೊತೆ ಒಂದು ಮಾತಾಡಲು ಊರೂರು ತಿರುಗಿ ಕಾಯಿದೆ ಕೇಳುತ್ತಿದ್ದೇನೆ.

ಹಾಗಾದರೆ ಆಣೆ ಮುರಿದು ಕೇಸು ಹಾಕಿದಿಯಲ್ಲ, ಹೆದರಿಕೆ ಆಗಲಿಲ್ಲವಾ ಎಂದು ಕೇಳಿದೆ.

"ಆಯ್ತು ಭಾವ. ಆದ್ರೆ ಆಣೆ ಮುರಿದ ಮೇಲೆ ನಂಗೇನೂ ಆಗ್ಲಿಲ್ಲ. ಆಗೋದೆಲ್ಲಾ ಉಳಿಸ್ಕೊಂಡಿದ್ದಾಗ್ಲೇ ಆಗಿತ್ತು" ಎಂದಳು.

ಕೂಸಿನ ವಿಷಯ ಮತ್ತೆ ಎತ್ತಿದೆ. ನನಗೆ ತಗಲಿದರೆ ತಗಲಲಿ, ಆ ಹಸುಳೆ ಏನು ಮಾಡಿತ್ತು, ಅಮ್ಮ ಅದರ ಮೇಲೆ ಸಿಟ್ಟು ತೀರಿಸಿಕೊಂಡರೆ ಎಂದೆ. ತುಂಗಮ್ಮ ಸೀರೆ ಕೆಳಗಿಟ್ಟಳು. ದನಿ ಏರಿಸಲಿಲ್ಲ.

"ನೀವು ಅಂದ ಮಾತಿಗೆ ಅವ್ಳು ಕೂಸಿನ ಮೇಲೆ ಕೈ ಮಾಡ್ತಾಳೆ ಅನ್ನೋದಾದ್ರೆ, ಅವ್ಳಿಗೂ ನಿಮ್ಮ ತಮ್ಮಂಗೂ ಏನು ವ್ಯತ್ಯಾಸ ಭಾವ?"

ಎದ್ದು ಹೊರಟುಬಂದೆ. ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಮಕ್ಕಳ ಹಾಗೆ ಅತ್ತೆ. ಕಂಡಕ್ಟರ್ ಟಿಕೆಟ್ ಕೇಳದೆ ಮುಂದಕ್ಕೆ ಹೋಗಿ ಆಮೇಲೆ ವಾಪಸು ಬಂದ.

ಬುದ್ಧಿ ಒಪ್ಪಿದೆ ಲಿಖಿತಾ. ಹೊಟ್ಟೆಯೊಳಗಿನ ಹೆದರಿಕೆ ಒಪ್ಪುತ್ತಿಲ್ಲ. ಐವತ್ತು ವರ್ಷ ಅಮ್ಮನಿಗೆ ಕೈ ಮುಗಿದು ಬೆಳೆದದ್ದು, ಅದು ಒಂದು ಲೋಟ ಕಾಫಿಯಲ್ಲಿ ಹೋಗುವುದಿಲ್ಲ. ನಿನ್ನಮ್ಮ ನಾಳೆ ಬೆಳಗಿನ ಬಸ್ಸಿಗೆ ಬರುತ್ತಾಳೆ. ನನ್ನ ವಿಷಯ ಏನು ಹೇಳಬೇಕೋ ನನಗೇ ಗೊತ್ತಿಲ್ಲ.

ಅಪ್ಪ


ಶಿವಮೊಗ್ಗ
18 ಡಿಸೆಂಬರ್ 2024

ಪ್ರೀತಿಯ ತುಂಗಚಿಕ್ಕಮ್ಮನಿಗೆ,

ಹೆಣ್ಣು ಕೂಸು. ನಾನೂ ಅವಳೂ ಆರಾಮ. ಅಮ್ಮ ಫೋನಿನಲ್ಲಿ ಹೇಳಿರುತ್ತಾರೆ. ಉಳಿದದ್ದನ್ನು ನಾನೇ ಹೇಳಬೇಕಿತ್ತು, ಫೋನ್ ಹಿಡಿದರೆ ಅಳು ಬಂದು ಮಾತು ನಿಲ್ಲುತ್ತದೆ, ಅದಕ್ಕೆ ಬರೆದು ಸುದೀಪ್ ಕೈಯಲ್ಲಿ ಕಳಿಸುತ್ತಿದ್ದೇನೆ. ನೀವು ಹೊಲಿದು ಕೊಟ್ಟ ಕುಲಾವಿ ಅವಳಿಗೆ ಕಣ್ಣಿನ ತನಕ ಬರುತ್ತದೆ, ಇನ್ನೊಂದು ತಿಂಗಳಿಗೆ ಸರಿಹೋಗಬಹುದು.

ನಿನ್ನೆ ಬೆಳಗ್ಗೆ ಅಪ್ಪ ಆಸ್ಪತ್ರೆಗೆ ಬಂದರು. ಅಮ್ಮ ಕಷಾಯ ತರಲು ಕೆಳಗೆ ಹೋಗಿದ್ದರು. ಅಪ್ಪ ಬಾಗಿಲಲ್ಲಿ ನಿಂತರು, ಚಪ್ಪಲಿ ಬಿಟ್ಟರು, ಮತ್ತೆ ಹಾಕಿಕೊಂಡರು, ಮತ್ತೆ ಬಿಟ್ಟರು. ಒಳಗೆ ಬಂದು ನನ್ನ ಮುಖ ನೋಡದೆ ನೇರವಾಗಿ ತೊಟ್ಟಿಲ ಹತ್ತಿರ ಹೋದರು. ಬಟ್ಟೆ ಸರಿಸಿ ಕೂಸಿನ ಕೈ ನೋಡಿದರು, ಕಾಲು ನೋಡಿದರು, ಎದೆಯ ಹತ್ತಿರ ಬಗ್ಗಿ ಉಸಿರು ಕೇಳಿದರು. ನಾನು ಮಂಚದ ಮೇಲಿಂದಲೇ ನೋಡುತ್ತಿದ್ದೆ. ಮಾತಾಡಿ ಎಂದು ಹೇಳಲು ನನಗೂ ಧೈರ್ಯವಾಗಲಿಲ್ಲ.

"ಲಿಖಿತಾ" ಎಂದರು.

ಅಷ್ಟು ಹೇಳಿ ಕಣ್ಣು ಮುಚ್ಚಿಕೊಂಡರು. ಆಮೇಲೆ ತೆಗೆದು ಕೂಸನ್ನೇ ನೋಡುತ್ತಾ ನಿಂತರು, ಎಷ್ಟೋ ಹೊತ್ತು. ಅವಳು ಆಕಳಿಸಿ ಇನ್ನೊಂದು ಕಡೆ ಮುಖ ತಿರುಗಿಸಿದಳು. ಬೇರೇನೂ ಆಗಲಿಲ್ಲ.

ಅಪ್ಪ ಸ್ಟೂಲ್ ಎಳೆದುಕೊಂಡು ನನ್ನ ಮಂಚದ ಪಕ್ಕ ಕೂತರು. ಕ್ಷಮಿಸು ಎನ್ನುತ್ತಾರೇನೋ, ಬೈಯುತ್ತಾರೇನೋ ಎಂದು ನಾನು ಎರಡಕ್ಕೂ ತಯಾರಾಗಿದ್ದೆ. ಅವರು ಕೇಳಿದ್ದೇ ಬೇರೆ.

"ಆವತ್ತು ಕೋರ್ಟಲ್ಲಿ ನೀನೇನು ಹೇಳ್ದೆ? ನೀನು ಕಟಕಟೆ ಹತ್ತಿದ ಕೂಡ್ಲೇ ನಾನು ಎದ್ದು ಹೊರಗೆ ಹೋಗ್ಬಿಟ್ಟಿದ್ದೆ. ಇವತ್ತಿನವರ್ಗೂ ಕೇಳೇ ಇಲ್ಲ. ನಂಗೂ ಹೇಳು."

ದಿನಾ ಕೆಲಸದಲ್ಲಿ ಹೇಳಿಕೊಡುವ ಅಭ್ಯಾಸವಲ್ಲವೇ, ತಮಾಷೆಗೋ ಹೆದರಿಕೆಗೋ, ಪ್ರಮಾಣ ಮಾಡಿ ಹೇಳ್ಲಾ ಅಪ್ಪಾ ಎಂದು ಕೇಳಿದೆ.

"ಬೇಡ. ಹಾಗೇ ಹೇಳು" ಎಂದರು.

ಹೇಳಿದೆ ಚಿಕ್ಕಮ್ಮ. ನೀವು ಅಕ್ಕಿ ಆರಿಸುತ್ತಿದ್ದದ್ದು, ಚಿಕ್ಕಪ್ಪ ಒಳಗೆ ಬಂದದ್ದು, ಒನಕೆ ಎಲ್ಲಿತ್ತು ಎನ್ನುವುದು, ನೀವು ನನ್ನ ಹೆಸರು ಕೂಗಿದ್ದು, ನಾನು ಬಾಗಿಲ ಹತ್ತಿರ ನಿಂತೇ ಇದ್ದದ್ದು. ಒಂದೂ ಬಿಡಲಿಲ್ಲ. ನಡುವೆ ಅಮ್ಮ ಕಷಾಯ ಹಿಡಿದು ಬಂದರು, ಅಪ್ಪ ಕೈ ಮಾಡಿ ಸುಮ್ಮನಿರು ಎಂದರು. ಅಮ್ಮನೂ ಗೋಡೆಗೆ ಒರಗಿ ನಿಂತು ಕೇಳಿದರು.

ಅಪ್ಪ ಕೊನೆಯವರೆಗೂ ಕೂತಿದ್ದರು, ಚಿಕ್ಕಮ್ಮ. ಎದ್ದು ಹೋಗಲಿಲ್ಲ.

ನಿಮ್ಮ,
ಲಿಖಿತಾ